ನೀರಿಲ್ಲದ ಮನೆಯಲ್ಲಿ ಒಂದು ದಿನದ ಸಂಸಾರ

ಸಂಗಪ್ಪ ಮುನಿಯಲ್ಲಮ್ಮನನ್ನು ಮೊದಲು ಕಂಡದ್ದು ಚಿಕ್ಕಬಾಣಾವರದ ಆಚೆ, ತನ್ನದೇ ಹೊಸ ಮನೆಯ ಬಚ್ಚಲಿನಲ್ಲಿ. ಫೆಬ್ರವರಿಯ ಒಂದು ಭಾನುವಾರ, ಬೆಳಗಿನ ಹತ್ತು ಗಂಟೆ. ಬಚ್ಚಲಿಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲ. ಅರವತ್ತು ದಾಟಿದ ಹೆಂಗಸೊಬ್ಬಳು ಹಸಿರು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಬೀದಿಯ ವಾಲ್ವ್ ತಿರುಗಿಸುವ ಎದೆಯುದ್ದದ ಕಬ್ಬಿಣದ ಸರಳನ್ನು ಗೋಡೆಗೆ ಒರಗಿಸಿ, ನಲ್ಲಿ ಬರಬೇಕಾದ ಜಾಗದ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದಳು. ಕಿವಿಯಲ್ಲಿ ಕೆಂಪು ಕಲ್ಲಿನ ಓಲೆ, ಕಾಲಲ್ಲಿ ಗಂಡಸರ ರಬ್ಬರ್ ಬೂಟು. ಸಂಗಪ್ಪ ಹೊರಗೆ ನಿಂತು ಕೆಮ್ಮಿದ. ಆಕೆ ತಲೆ ಎತ್ತದೆ, ಇಲ್ಲಿ ಕೂತರೆ ಮೊಣಕೈ ಗೋಡೆಗೆ ಬಡಿಯುತ್ತದೆ, ಬೆನ್ನು ಉಜ್ಜಿಕೊಳ್ಳುವುದು ಹೇಗೆ ಎಂದು ಕೇಳಿದಳು. ಮನೆಯ ಬಗ್ಗೆ ಅವನು ಮಾಡಿಟ್ಟುಕೊಂಡಿದ್ದ ನಲವತ್ತಾರು ಸಾಲಿನ ಪಟ್ಟಿಯಲ್ಲಿ ಬೆನ್ನು ಇರಲಿಲ್ಲ.

ಸಂಗಪ್ಪ ಬೀಳಗಿ ಕಡೆಯವನು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಗುಣಮಟ್ಟ ನೋಡುವ ಕೆಲಸ. ಇಪ್ಪತ್ತೆರಡು ವರ್ಷದಿಂದ ಹೆಂಡತಿ ದಾನವ್ವನ ಜೊತೆ ಟಿ. ದಾಸರಹಳ್ಳಿಯಲ್ಲಿ ಬಾಡಿಗೆಗೆ ಇದ್ದವನು ಕೊನೆಗೂ ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮನೆ ಎಬ್ಬಿಸಿದ್ದ. ಗೋಡೆ ಬಂತು, ತಾರಸಿ ಬಂತು, ಬಾಗಿಲಿಗೆ ತೋರಣವೂ ಬಂತು. ಕರೆಂಟು ಬರಲಿಲ್ಲ. ಕರೆಂಟು ಕೊಡುವ ಕಚೇರಿಯವರು ಮನೆಯ ಒಂದು ಕಾಗದ ತನ್ನಿ ಎಂದರು. ಆ ಕಾಗದ ಕೊಡುವ ಕಚೇರಿಯವರು, ಮನೆಯಲ್ಲಿ ಜನ ವಾಸವಿದ್ದಾರೆ ಎಂಬುದಕ್ಕೆ ಕರೆಂಟು ಬಿಲ್ಲು ತನ್ನಿ ಎಂದರು. ಏಳು ತಿಂಗಳು ಅವನು ಎರಡೂ ಕಡೆ ಓಡಾಡಿದ. ಕಡೆಕಡೆಗೆ ಎರಡೂ ಕಚೇರಿಯ ಜವಾನರು ಅವನ ಮಂಡಿನೋವಿನ ಬಗ್ಗೆ ವಿಚಾರಿಸತೊಡಗಿದರು. ನೀರಿನ ಪೈಪು ಆ ಬಡಾವಣೆಯ ಮೂರು ಬೀದಿ ಆಚೆಗೇ ನಿಂತುಬಿಟ್ಟಿತ್ತು.

ಹಾಗಾದರೆ ಯಾರ ಹಂಗೂ ಬೇಡ, ಸೂರ್ಯನಿಂದ ಕರೆಂಟು, ಮಳೆಯಿಂದ ನೀರು ಎಂದು ಸಂಗಪ್ಪ ತೀರ್ಮಾನಿಸಿದ. ಮಾರುವವರು ಮೂವರು ಬಂದರು. ಮೊದಲನೆಯವನು ಇಡೀ ತಾರಸಿಗೆ ಸೋಲಾರ್ ಹಲಗೆ ಮುಚ್ಚಬೇಕೆಂದ. ವಾರಕ್ಕೊಮ್ಮೆ ಅವನ್ನು ಎರಡು ಡ್ರಮ್ ನೀರಿನಲ್ಲಿ ತೊಳೆಯಬೇಕೆಂದೂ ಹೇಳಿದ. ನೀರಿಗೆ ಎಲ್ಲಿ ಹೋಗಲಿ ಎಂದರೆ ಎರಡನೆಯವನತ್ತ ಕೈ ತೋರಿಸಿದ. ಎರಡನೆಯವನ ಬಳಿ ಗಾಳಿಯಿಂದ ನೀರು ಹಿಂಡುವ ಯಂತ್ರವಿತ್ತು. ಅದಕ್ಕೆ ಕರೆಂಟು ಬೇಕಿತ್ತು. ಕರೆಂಟಿಗೆ ಮೊದಲನೆಯವನನ್ನು ಕೇಳಿ ಎಂದ. ಮೂರನೆಯವನು ಬ್ಯಾಟರಿಯವನು. ಈಗ ದಿನಕ್ಕೆ ಎಷ್ಟು ಯೂನಿಟ್ ಖರ್ಚಾಗುತ್ತಿದೆ ಎಂದು ಕೇಳಿದ. ಸಂಗಪ್ಪ ಪ್ರಾಮಾಣಿಕವಾಗಿ ಸೊನ್ನೆ ಎಂದ. ಅವನು ಫೋನಿನಲ್ಲಿ ಲೆಕ್ಕ ಹಾಕಿ, ನಿಮಗೆ ಬ್ಯಾಟರಿಯ ಅಗತ್ಯವೇ ಇಲ್ಲ ಎಂದು ಅಭಿನಂದಿಸಿ ಹೋದ.

ಇದನ್ನೆಲ್ಲ ಎದುರಿನ ಜಗುಲಿಯಿಂದ ನೋಡುತ್ತಿದ್ದ ಬೈರಣ್ಣನೇ ಮುನಿಯಲ್ಲಮ್ಮನನ್ನು ಕಳಿಸಿದವನು. ಬೈರಣ್ಣ ಅಲ್ಲಿನ ಹಳೇ ಊರಿನವನು, ಹೆಂಡತಿ ತೀರಿಕೊಂಡವನು, ಎರಡು ಹಸು ಮತ್ತು ದೊಡ್ಡ ಮೀಸೆಯ ಒಡೆಯ. ಮುನಿಯಲ್ಲಮ್ಮನ ಗಂಡನ ಮನೆಯವರು ತಲೆತಲಾಂತರದಿಂದ ಆ ಊರ ಕೆರೆಯ ನೀರುಗಂಟಿಗಳು, ಅಂದರೆ ತೂಬು ತೆಗೆದು ಯಾರ ಗದ್ದೆಗೆ ಎಷ್ಟು ನೀರು ಎಂದು ತೀರ್ಮಾನಿಸಿ ಹರಿಸುವವರು. ಕೆರೆಯ ಕೆಳಗಿನ ಗದ್ದೆಗಳೆಲ್ಲ ಬಡಾವಣೆಗಳಾದ ಮೇಲೆ ಆಕೆ ಬೀದಿಯ ವಾಲ್ವ್ ತಿರುಗಿಸುತ್ತಿದ್ದಳು. ಬೀದಿಯವರ ಬೈಗುಳ ಆಕೆಗೆ ಗಡಿಯಾರವಿದ್ದಂತೆ. ಅದರ ಏರಿಳಿತ ಕೇಳಿಯೇ ಯಾರ ತೊಟ್ಟಿ ಎಷ್ಟು ತುಂಬಿದೆ ಎಂದು ಹೇಳಬಲ್ಲಳು.

ಸಂಗಪ್ಪ ತನ್ನ ಪಟ್ಟಿ ಬಿಡಿಸಿ ತೋರಿಸಿದ. ಆಕೆ ಅದನ್ನು ಮಡಚಿ ಅವನ ಜೇಬಿಗೇ ಇಟ್ಟಳು.

"ನೀರು ಎಷ್ಟು ಬೇಕು ಅಂತ ಯಾರ್ನೂ ಕೇಳಬಾರ್ದು ಕಣಪ್ಪ. ಕೇಳುದ್ರೆ ಸುಳ್ಳು ಏಳ್ತಾರೆ. ನಮ್ಮ ಮಾವ ಗದ್ದೆ ಬದೀಲಿ ಬೆಳಗಿಂದ ಸಂಜೆಗಂಟ ಕೂತ್ಕಂಡು ನೋಡೋರು. ನಾನೂ ಅಂಗೇ. ಒಂದಿನ ಸಂಸಾರ ಮಾಡಿ ತೋರ್ಸಿ."

"ನೀರ ಇಲ್ಲಲ್ರಿ ಯವ್ವಾ. ಕರೆಂಟೂ ಇಲ್ಲ."

"ಐತೆ ಅನ್ಕಂಡು ಮಾಡಿ."

ಸಂಗಪ್ಪ ಒಪ್ಪಿದ. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ. ದಾಸರಹಳ್ಳಿಯಲ್ಲಿ ಕೆಳಗಿನ ಮನೆಯಲ್ಲೇ ಇದ್ದ ಮಾಲೀಕರು ಯುಗಾದಿಗೆ ಮುಂಚೆ ಮನೆ ಖಾಲಿ ಮಾಡಲು ಹೇಳಿದ್ದರು. ದಾನವ್ವ ಅಲ್ಲೇ ಎರಡು ಬೀದಿ ಆಚೆ, ರಾಧಾಮಣಿ ಎಂಬುವರ ಮನೆಯನ್ನು ನೋಡಿ ಬಂದು, ಹದಿನೈದು ದಿನದಲ್ಲಿ ಹೌದೋ ಅಲ್ಲವೋ ಹೇಳುತ್ತೇನೆಂದು ಮಾತು ಕೊಟ್ಟಿದ್ದಳು. ಸ್ವಂತ ಮನೆಗೆ ಬರಲು ಅವಳಿಗೆ ಮನಸ್ಸಿರಲಿಲ್ಲ. ಅದಕ್ಕೆ ಅವಳ ಬಳಿ ಕಾರಣವಿತ್ತು. "ಬಾಡಿಗಿ ಮನ್ಯಾಗ ಮಾಲಕರು ಮೋಟಾರ್ ಬಂದ್ ಮಾಡತಾರ. ಸ್ವಂತ ಮನ್ಯಾಗ ಸೂರ್ಯಾ ಬಂದ್ ಮಾಡತಾನ," ಎಂದಿದ್ದಳು ರೊಟ್ಟಿ ಬಡಿಯುತ್ತಾ. "ಮಾಲಕರ ಜೋಡಿ ಜಗಳಾನಾದ್ರೂ ಮಾಡಬಹುದು." ಬೇರೆ ಮನೆ ಹಿಡಿದರೆ ತಾನು ಒಬ್ಬನೇ ಈ ಗೋಡೆಗಳ ಜೊತೆ ಇರಬೇಕಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಮಗಳು ಪ್ರತಿಭಾ ಮದುವೆಯಾಗಿ ಗದಗ ಸೇರಿದ್ದಳು.

ಮುಂದಿನ ಭಾನುವಾರ ಸಂಸಾರ ಶುರುವಾಯಿತು. ದಾನವ್ವ ಬರುವುದಿಲ್ಲ ಎಂದಿದ್ದರಿಂದ ಅವಳ ಪಾತ್ರಕ್ಕೆ ಬೈರಣ್ಣನನ್ನು ಹಾಕಿಕೊಂಡರು. ಮುನಿಯಲ್ಲಮ್ಮ ನಡುಮನೆಯಲ್ಲಿ ಚಾಪೆ ಹಾಸಿ, ಒಂದು ಚೊಂಬು ನೀರಿಗೆ ಒಂದು ಹುಣಸೆಬೀಜ, ಒಂದು ಸ್ವಿಚ್ಚಿಗೆ ಒಂದು ಅವರೆಕಾಳು ಎಂದು ಎರಡು ಮೊರ ಇಟ್ಟುಕೊಂಡು ಕೂತಳು. ಸಂಗಪ್ಪ ಪಂಚೆ ಉಟ್ಟು, ಇಲ್ಲದ ನಲ್ಲಿಯ ಕೆಳಗೆ ಇಲ್ಲದ ಬಕೆಟ್ಟಿನಿಂದ ಸ್ನಾನ ಮಾಡಿದ. ಬಾಗಿಲಿಲ್ಲದ್ದರಿಂದ ಬಡಾವಣೆಯ ನಾಲ್ಕಾರು ಜನ ನೋಡುತ್ತಿದ್ದರು; ನಾಚಿಕೆಯಿಂದ ಮೂರೇ ಚೊಂಬಿಗೆ ಮುಗಿಸಿದ. ಬೈರಣ್ಣ ಹೆಗಲಿಗೆ ಒರೆಸುವ ಬಟ್ಟೆ ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತು, ಬಾಯಿಂದಲೇ ಗುರ್ ಎಂದು ಒಮ್ಮೆ ಮಿಕ್ಸಿ ಓಡಿಸಿದ. ಒಂದು ಮುದ್ದೆ ಮಾಡಿದ, ಒಂದು ತಟ್ಟೆ ತೊಳೆದ, ಆಮೇಲೆ ದಾನವ್ವನಾಗಿಯೇ ಗೋಡೆಗೊರಗಿ ನಿದ್ದೆ ಹೋದ. ಮಧ್ಯಾಹ್ನ ಮೂರಕ್ಕೆ ಎದ್ದು, ಹಸು ಕರೆಯುವ ಹೊತ್ತಾಯಿತೆಂದು ಹೊರಟುಹೋದ.

ಮುನಿಯಲ್ಲಮ್ಮ ಬೀಜ ಎಣಿಸಿದಳು. ಎಣಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಇದು ಮನೆ ಅಲ್ಲ, ಮಠ. ಇದ್ರಾಗೆ ಎಂಗ್ಸೇ ಇಲ್ಲ," ಎಂದಳು. "ಈ ಲೆಕ್ಕ ನೆಚ್ಕಂಡು ಪೈಪು ಆಕುದ್ರೆ ಎಂಟನೇ ದಿನಕ್ಕೆ ನಿನ್ ಎಂಡ್ತಿ ಬಸ್ಸು ಅತ್ತುತಾಳೆ. ಓಗು, ಕರ್ಕಂಡು ಬಾ."

ಆ ವಾರವಿಡೀ ಸಂಗಪ್ಪ ದಾನವ್ವನ ಹಿಂದೆ ಬಿದ್ದ. ಪಾತ್ರೆ ತೊಳೆದುಕೊಟ್ಟ, ಸಂತೆಯ ಚೀಲ ಹೊತ್ತ. ಅವಳು ಜಗ್ಗಲಿಲ್ಲ. ಕೊನೆಗೆ ಅವಳನ್ನು ಎಬ್ಬಿಸಿದ್ದು ಬೇರೆ ಸಂಗತಿ. ನಿನ್ನ ಬದಲಿಗೆ ಮೀಸೆಯ ಬೈರಣ್ಣ ನಿಂತಿದ್ದ, ಒಂದೇ ತಟ್ಟೆ ತೊಳೆದ ಎಂದು ಅವನು ಬಾಯಿ ತಪ್ಪಿ ಹೇಳಿಬಿಟ್ಟ. ಇಪ್ಪತ್ತೆರಡು ವರ್ಷ ತಾನು ಮಾಡಿದ್ದನ್ನು ಒಬ್ಬ ಗಂಡಸು ಒಂದು ತಟ್ಟೆಗೆ ಮುಗಿಸಿದನೇ ಎಂದು ದಾನವ್ವ ಭಾನುವಾರ ಬೆಳಗ್ಗೆ ಅವನಿಗಿಂತ ಮುಂಚೆ ಬಸ್ ಸ್ಟಾಪಿನಲ್ಲಿದ್ದಳು. ರಾಧಾಮಣಿಯವರಿಗೆ ಉತ್ತರ ಹೇಳಬೇಕಾದದ್ದು ಮಾರನೆಯ ದಿನ.

ಅವಳು ಬಂದವಳೇ ಅಂಗಳಕ್ಕೆ ನಾಲ್ಕು ಬಕೆಟ್ ಇಲ್ಲದ ನೀರು ಚೆಲ್ಲಿದಳು. ನೋಡುತ್ತಿದ್ದವರಲ್ಲಿ ಒಬ್ಬಿಬ್ಬರು ಕಾಲು ಹಿಂದೆಗೆದರು. ಹೊದಿಕೆ ನೆನೆಹಾಕಿದಳು, ಒಗೆದಳು, ಹಿಂಡಿದಳು. ಇಲ್ಲದ ಹಿಟ್ಟು ನಾದಿ ಮೂವತ್ತು ರೊಟ್ಟಿ ಬಡಿದಳು. ಇಬ್ಬರಿಗೆ ಮೂವತ್ತು ರೊಟ್ಟಿ ಯಾಕೆ ಎಂದು ಮುನಿಯಲ್ಲಮ್ಮ ಕೇಳಿದ್ದಕ್ಕೆ, ಊರಿಂದ ಮಂದಿ ಬಂದಿದ್ದಾರೆ ಎಂದಳು. ಅದು ನಿಜವೇ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ತೋರಿಸಬೇಕಾದ ಅವಳ ಊರಿನವರೆಲ್ಲ ಇಳಿಯುತ್ತಿದ್ದದ್ದು ಅವಳ ಮನೆಯಲ್ಲೇ. ಬೈರಣ್ಣನನ್ನು ಕರೆದು ನಡುಮನೆಯಲ್ಲಿ ಮಲಗಿಸಿದಳು. ನೀನು ನನ್ನ ತಮ್ಮ, ನಿನಗೆ ಮೂತ್ರಪಿಂಡದಲ್ಲಿ ಕಲ್ಲು, ತಾಸಿಗೆ ಎರಡು ಚೊಂಬು ಕುಡಿಯಬೇಕು ಎಂದಳು. ಬೈರಣ್ಣ ನಿಷ್ಠೆಯಿಂದ ಕುಡಿದ. ಪ್ರತಿ ಸಲ ಎದ್ದು ಪಾಯಿಖಾನೆಗೂ ಹೋಗಿ ಬಂದ. ಮಧ್ಯಾಹ್ನದ ಹೊತ್ತಿಗೆ ಅವನ ಮುಖ ನಿಜವಾಗಿಯೂ ಬಾಡಿತ್ತು. ಸೊಂಟ ಹಿಡಿದುಕೊಂಡು, ಆಪರೇಷನ್ ಬೇಡ ಅಕ್ಕಾ ಎನ್ನುತ್ತಿದ್ದ.

ಹುಣಸೆಬೀಜ ಮುಗಿದವು. ಮುನಿಯಲ್ಲಮ್ಮ ಅವರೆಕಾಳಿಗೆ ಬಂದಳು. ಅದೂ ಮುಗಿದು, ಹೊರಗಿಂದ ಜಲ್ಲಿಕಲ್ಲು ತರಿಸಿದಳು. ಸಂಗಪ್ಪ ಚಾಪೆಯ ಮೇಲೆ ಏರುತ್ತಿದ್ದ ರಾಶಿಯನ್ನೇ ನೋಡುತ್ತಿದ್ದ. ತಾರಸಿಯ ಮಳೆ ಹೋಯಿತು, ತೊಟ್ಟಿ ಹೋಯಿತು, ಸೋಲಾರ್ ಹಲಗೆ ಪಕ್ಕದ ಸೈಟಿಗೂ ಹಬ್ಬಿತು ಎಂದು ಅವನ ತಲೆ ಒಳಗೇ ಗುಣಿಸುತ್ತಿತ್ತು. ದಾನವ್ವ ಮತ್ತೊಂದು ಕೊಡ ಹಿಡಿದದ್ದನ್ನು ಕಂಡವನೇ ಎದ್ದು ನಿಂತು, ಗಟ್ಟಿ ದನಿಯಲ್ಲಿ ಹೇಳಿಬಿಟ್ಟ:

"ಸಾಕು, ಮೋಟಾರ್ ಬಂದ್ ಮಾಡ್ರಿ."

ಮೋಟಾರು ಇರಲೇ ಇಲ್ಲ. ಆದರೂ ಅದು ನಿಂತಿತು. ದಾನವ್ವ ಕೈಯಲ್ಲಿದ್ದ, ಇಲ್ಲದ ಕೊಡವನ್ನು ತುಳುಕದಂತೆ ಮೆಲ್ಲಗೆ ನೆಲಕ್ಕಿಟ್ಟಳು. ಕಲ್ಲಿನ ನೋವಿನ ಬೈರಣ್ಣ ಎದ್ದು ಕೂತ.

"ಇಪ್ಪತ್ತೆರಡು ವರ್ಷ ಕೇಳೇನ್ರಿ ಈ ಮಾತು," ಎಂದಳು ದಾನವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ಕೆಳಗಿಂದ ಕೇಳತಿತ್ತು, ಈಗ ಒಳಗಿಂದನ ಕೇಳತು. ನೀವೂ ಮಾಲಕರಾದ್ರಿ."

ಸೆರಗಿನಿಂದ ಒದ್ದೆಯಿಲ್ಲದ ಕೈ ಒರೆಸಿಕೊಂಡು ಚಪ್ಪಲಿ ಹುಡುಕತೊಡಗಿದಳು. ಕಾರ್ಖಾನೆಯಲ್ಲಿ ಸಾವಿರ ತುಣುಕುಗಳಲ್ಲಿ ಒಂದು ಕೂದಲೆಳೆಯ ಬಿರುಕು ಹುಡುಕುವ ತನಗೆ ತನ್ನದೇ ಗಂಟಲು ತಿಳಿಯಲಿಲ್ಲವಲ್ಲ ಎಂದು ಸಂಗಪ್ಪನ ಮುಖ ಬಿಸಿಯಾಯಿತು.

ಮುನಿಯಲ್ಲಮ್ಮ ಕೂತಲ್ಲಿಂದಲೇ ಕೇಳಿದಳು. "ಈ ಮನೆ ಯಾರೆಸ್ರಲ್ಲೈತೆ?"

"ನನ್ನ ಹೆಸರಲೇ ಐತ್ರಿ," ಎಂದ ಸಂಗಪ್ಪ.

"ಆಯಮ್ಮನ ಎಸ್ರು ಎಲ್ಲಾದ್ರೂ ಐತಾ?"

ಎಲ್ಲೂ ಇರಲಿಲ್ಲ.

"ಅಂಗಾದ್ರೆ ಮುಗೀತು. ಜಮೀನಿನ ಒಡೆಯ ತೂಬು ಮುಟ್ಟಂಗಿಲ್ಲ. ಎಂಥಾ ದೊಡ್ಡ ಗೌಡನಾಗ್ಲಿ, ನೀರು ಬೇಕಾದ್ರೆ ಬದೀಲಿ ನಿಂತು ನೀರುಗಂಟೀನ ಕೇಳ್ಬೇಕು. ಭೂಮಿ ಇಲ್ದೋರ ಕೈಲೇ ತೂಬು ಇರೋದು, ಅದಕ್ಕೇ ಕೆರೆ ಉಳ್ಕಂಡಿತ್ತು. ಈ ಮನೆಗೆ ಆಯಮ್ಮನೇ ನೀರುಗಂಟಿ. ಮೋಟಾರು, ಸ್ವಿಚ್ಚು, ನಲ್ಲಿ ಯಾವುದ್ಕೂ ನೀನು ಕೈ ಆಕಂಗಿಲ್ಲ."

ಸಂಗಪ್ಪ ಸ್ವಿಚ್ ಬೋರ್ಡಿಗೆಂದು ನಡುಮನೆಯಲ್ಲಿ, ತನ್ನ ಕುರ್ಚಿ ಬರುವ ಜಾಗದ ಪಕ್ಕ, ಸೀಮೆಸುಣ್ಣದಲ್ಲಿ ಚೌಕ ಬರೆದಿದ್ದ. ಕೂತಲ್ಲಿಂದಲೇ ಎಲ್ಲವನ್ನೂ ನೋಡಿಕೊಳ್ಳಬಹುದು ಎಂಬುದು ಅವನ ಲೆಕ್ಕ. ಅವನು ಎದ್ದು ಹೋಗಿ ಅಂಗೈಯಿಂದ ಅದನ್ನು ಒರೆಸಿದ. ಸೀಮೆಸುಣ್ಣ ಹಿಡಿದು ಅಡುಗೆಮನೆಗೆ ಹೋಗಿ ನಿಂತ.

"ಎಲ್ಲಿ ಬರೀಲಿ ಹೇಳು," ಎಂದ.

ದಾನವ್ವ ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಯ ಮೇಲೆ ತನ್ನ ಕೈಗೆ ಸರಿಯಾಗಿ ಸಿಗುವ, ಅವನು ಬಗ್ಗಿ ಹುಡುಕಬೇಕಾದ ಒಂದು ಜಾಗವನ್ನು ಬೆರಳಿಟ್ಟು ತೋರಿಸಿದಳು.

ಅಲ್ಲಿಂದ ಸಂಜೆಯವರೆಗೆ ಏನು ಎಲ್ಲಿ, ಯಾವುದು ಎಷ್ಟು ಎಂದು ಅವಳೇ ಆರಿಸಿದಳು. ಮೂವರು ಮಾರಾಟಗಾರರಿಂದಲೂ ಆಗದ್ದು ಮೂರು ತಾಸಿನಲ್ಲಿ ಆಯಿತು. ನೀರೆತ್ತುವ ಮೋಟಾರು ಬ್ಯಾಟರಿಯ ಗೊಡವೆಯಿಲ್ಲದೆ ಹಲಗೆಯಿಂದ ನೇರವಾಗಿ, ಬಿಸಿಲಿದ್ದಾಗ ಮಾತ್ರ ಓಡಲಿ. ಬ್ಯಾಟರಿ ಬರೀ ದೀಪಕ್ಕೆ, ಫ್ಯಾನಿಗೆ ಸಾಕು. ಮಿಕ್ಸಿ ಮಧ್ಯಾಹ್ನದೊಳಗೆ. ತಾರಸಿಯ ಮಳೆನೀರು ಮನೆಯ ಮುಂದಿನ ನೆಲತೊಟ್ಟಿಗೆ, ಮಳೆಯಿಲ್ಲದ ತಿಂಗಳಲ್ಲಿ ಅದೇ ತೊಟ್ಟಿಗೆ ಟ್ಯಾಂಕರು, ಮೋಡ ಕವಿದ ದಿನಕ್ಕೆ ಪಕ್ಕದಲ್ಲೊಂದು ಕೈಪಂಪು. ಆ ಕೈಪಂಪು ಒತ್ತುವುದಷ್ಟೇ ಮನೆಯ ಯಜಮಾನನಿಗೆ ಬಿಟ್ಟ ಅಧಿಕಾರ. ಅಡುಗೆಮನೆಗೆ ಒಂದು ಇಂಚಿನ ಪೈಪು. ನೆಂಟರ ಬಚ್ಚಲಿಗೆ ಅರ್ಧ ಇಂಚಿನದು. ಆಸ್ಪತ್ರೆಗೆ ಬಂದವರು ಆಸ್ಪತ್ರೆಗೆ ಬಂದಂತಿರಲಿ ಎಂದಳು. ಬಚ್ಚಲ ನೀರು ಹಿತ್ತಲ ಬಾಳೆಗೆ. ಮೊಣಕೈ ಬಡಿಯದಂತೆ ನಲ್ಲಿಯನ್ನು ಒಂದು ಗೇಣು ಸರಿಸಲು ಹೇಳಿದ್ದೂ ಅವಳೇ. ಬೈರಣ್ಣ ತಾನಿನ್ನು ಹೋಗಬಹುದೇ ಎಂದು ಕೇಳಿದಾಗ, ನಾಳೆ ಸ್ಕ್ಯಾನಿಂಗ್ ಐತಿ, ರಾತ್ರಿ ಉಪವಾಸ ಇರು ಎಂದು ಕಳಿಸಿದಳು. ಅವನು ತಲೆಯಾಡಿಸಿ ಹೋದ.

ಮಾರನೆಯ ದಿನದವರೆಗೂ ಕಾಯದೆ ದಾನವ್ವ ಅಲ್ಲೇ ಮೆಟ್ಟಿಲ ಮೇಲೆ ಕೂತು ಫೋನ್ ಹಚ್ಚಿದಳು. "ರಾಧಾಮಣಿಯವರ, ನಾವು ಬರೂದಿಲ್ರಿ. ನಮಗ ಮನಿ ಸಿಕ್ಕೈತಿ," ಎಂದಳು. ಆ ಕಡೆಯಿಂದ ನೀರಿನ ಅನುಕೂಲದ ಪ್ರಶ್ನೆ ಬಂದಿರಬೇಕು. "ಇನ್ನೂ ಇಲ್ರಿ," ಎಂದಳು, "ಆದ್ರ ಬಂದ್ ಮಾಡವರು ಇಲ್ಲ."

ಯುಗಾದಿಗೆ ನಾಲ್ಕು ದಿನ ಮುಂಚೆ ಅವರು ಮನೆ ಹೊಕ್ಕರು. ಮೊದಲ ವಾರವೇ ಎರಡು ದಿನ ಮೋಡ ಕವಿಯಿತು. ಸಂಗಪ್ಪ ಕೈಪಂಪು ಒತ್ತಿ ಒತ್ತಿ ರಟ್ಟೆ ಊದಿಸಿಕೊಂಡ. ಮೂರನೆಯ ದಿನ ಬಿಸಿಲು ಬಿದ್ದಾಗ, ಸ್ನಾನಕ್ಕೆ ಇನ್ನೂ ಎರಡು ಚೊಂಬು ಸಿಗಬಹುದೇ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ. ದಾನವ್ವ ಸ್ವಲ್ಪ ಯೋಚಿಸಿ ಕೊಟ್ಟಳು.

ಈಗ ಮುನಿಯಲ್ಲಮ್ಮ ವಾರಕ್ಕೆ ನಾಲ್ಕು ದಿನ ಬೀದಿಯ ವಾಲ್ವ್ ತಿರುಗಿಸುತ್ತಾಳೆ. ಉಳಿದ ದಿನ ಹೆಸರಘಟ್ಟ ರಸ್ತೆಯ ಆಚೀಚಿನ ಬಡಾವಣೆಗಳಲ್ಲಿ ಹೊಸದಾಗಿ ಮನೆ ಕಟ್ಟಿದವರ ಹತ್ತಿರ ಹೋಗಿ, ಅವರ ಸಂಸಾರ ನೋಡುತ್ತಾ ಕೂತು, ಎಷ್ಟು ನೀರು ಎಷ್ಟು ಬೆಳಕು ಬೇಕೆಂದು ಹೇಳಿ ಬರುತ್ತಾಳೆ.