ಕೆಂಪು ಅಳಿಸಿದ ಮರುದಿನ

ಸಿಂದಗಿಯ ಸಂಸ್ಥೆಯೊಂದರಲ್ಲಿ ಭುವನೇಶ್ವರಿ ಕಂಪ್ಯೂಟರ್ ಕೆಲಸಕ್ಕಿದ್ದಳು. ಊರೂರಿನ ಕೈಪಂಪುಗಳ ನೀರನ್ನು ಪರೀಕ್ಷಿಸುವ ಸಂಸ್ಥೆ ಅದು. ನೀರಿನಲ್ಲಿ ಎಲುಬು ಕೆಡಿಸುವ ಫ್ಲೋರೈಡ್ ಎಷ್ಟಿದೆಯೆಂದು ಅವಳು ವೆಬ್‌ಸೈಟಿಗೆ ತುಂಬಿದರೆ, ಕೆಟ್ಟ ಪಂಪಿನ ಹೆಸರು ಕೆಂಪಕ್ಷರದಲ್ಲಿ ಮೂಡುತ್ತಿತ್ತು. ಯಾವ ಪಂಪು ಕೆಟ್ಟದ್ದು, ಯಾವುದು ಒಳ್ಳೆಯದು ಎಂದು ಪೇಂಟರ್ ಖಂಡೆಪ್ಪನ ಮೊಬೈಲಿಗೆ ತಾನಾಗಿಯೇ ಸಂದೇಶ ಹೋಗುತ್ತಿತ್ತು. ಅವನು ಕೆಟ್ಟ ಪಂಪಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಳಿದು ಬರುತ್ತಿದ್ದ. ಓದು ಬಾರದವರಿಗೂ ತಿಳಿಯಬೇಕಲ್ಲ.

೨೦೦೮ರ ಬೇಸಿಗೆಯಲ್ಲಿ ಬಂದ ಹೊಸ ಅಧ್ಯಕ್ಷರು, ಪುಟದ ಕೆಂಪು ಕಣ್ಣಿಗೆ ಹೊಡೆಯುತ್ತದೆ, ತಿಳಿನೀಲಿ ಮಾಡು ಎಂದರು. ಭುವನೇಶ್ವರಿ ಪ್ರೋಗ್ರಾಮಿನಲ್ಲಿ ಬಣ್ಣದ ಹೆಸರಿನ ಒಂದು ಪದ ಬದಲಿಸಿ, ಚಹಾ ಕುಡಿದು ಮನೆಗೆ ಹೋದಳು.

ಮರುದಿನ ಖಂಡೆಪ್ಪನ ಫೋನು ಬಂತು. ಪಂಪು ಒಳ್ಳೆಯದೆಂಬ ಸಂದೇಶ ನೋಡಿ, ಇಂಗಳೇಶ್ವರದ ಆಚೆಯ ವಸ್ತಿಯಲ್ಲಿ ಕೆಂಪು ಪಂಪನ್ನು ಹಸಿರು ಮಾಡಿ ನಿಂತಿದ್ದನಂತೆ.

"ಹೆಣ್ಮಕ್ಕಳು ನನಗ ಸಕ್ರಿ ಹಂಚಾಕತ್ತಾರ್ರಿ ಅಕ್ಕಾರ. ಬಣ್ಣದ ಡಬ್ಬಿ ಹಿಡದಾವಂಗ ಇಂಥಾ ಮರ್ಯಾದಿ ಎಂದೂ ಸಿಕ್ಕಿದ್ದಿಲ್ಲ ಬಿಡ್ರಿ."

ಆ ನೀರಿನ ಅಂಕಿಯನ್ನು ತುಂಬಿದವಳೇ ಭುವನೇಶ್ವರಿ. ಅಷ್ಟು ಕೆಟ್ಟ ನೀರು ಬೇರೆಲ್ಲೂ ಇರಲಿಲ್ಲ. ಪ್ರೋಗ್ರಾಮ್ ತೆರೆದು ನೋಡಿದಳು. ಯಾರೋ ಎಂದೋ ಬರೆದಿಟ್ಟ ಆ ಹಳೆಯ ಪುಟದಲ್ಲಿ, ಸಂದೇಶ ಕಳಿಸುವ ಭಾಗ ಅಂಕಿಯನ್ನು ನೋಡುತ್ತಲೇ ಇರಲಿಲ್ಲ. ಅಕ್ಷರದ ಬಣ್ಣವನ್ನು ನೋಡುತ್ತಿತ್ತು. ಕೆಂಪಾದರೆ ಕೆಟ್ಟದ್ದು, ಮತ್ತಾವ ಬಣ್ಣವಾದರೂ ಒಳ್ಳೆಯದು!

ನೀರು ಮುಟ್ಟಬೇಡಿರೆಂದು ಹೆಂಗಸರಿಗೆ ಹೇಳು ಎಂದು ಅವಳು ಫೋನಿನಲ್ಲಿ ಅಂದರೆ ಖಂಡೆಪ್ಪ, ಈಗ ತನ್ನ ಮಾತು ಯಾರೂ ನಂಬುವುದಿಲ್ಲ, ನೀವೇ ಬರಬೇಕು ಎಂದ. ಬೇರಾವ ಪಂಪಿಗೂ ಅವನು ಇನ್ನೂ ಕೈ ಹಚ್ಚಿರಲಿಲ್ಲ, ಅದೊಂದೇ ಸಮಾಧಾನ. ಅವಳು ಬಸ್ಸು ಹಿಡಿದಳು.

ಪಂಪಿನ ಕಟ್ಟೆಯ ಮೇಲೆ ಚನ್ನವ್ವನೆಂಬ ಮುದುಕಿ ಕಾಲು ಚಾಚಿ ಕುಳಿತಿದ್ದಳು. ಆ ನೀರನ್ನೇ ವರ್ಷಗಟ್ಟಲೆ ಕುಡಿದು ಅವಳ ಮೊಣಕಾಲು ಮಡಚಲು ಬಾರದಂತಾಗಿತ್ತು. ಪಂಪು ಕೆಂಪಾದಾಗಿನಿಂದ ಸೊಸೆ ದೂರದ ಬಾವಿಯ ನೀರು ಹೊರುತ್ತಿದ್ದಳು, ಇಂದು ಹೋಗಿರಲಿಲ್ಲ. ಮುದುಕಿ ತುಂಬಿದ ತಂಬಿಗೆಯನ್ನು ಮುಂದೆ ಹಿಡಿದಳು.

"ಕುಡಿ ನಮ್ಮವ್ವ, ಬಿಸಲಾಗ ಬಂದಿ. ನಮ್ಮ ನೀರು ಚಲೋ ಆಗೇತಂತ."

ಕೊಟ್ಟ ನೀರನ್ನು ಬೇಡವೆನ್ನುವ ರೂಢಿ ಆ ಕಡೆ ಇಲ್ಲ. ಭುವನೇಶ್ವರಿ ತಂಬಿಗೆ ಇಸಿದುಕೊಂಡು ನೆಲಕ್ಕೆ ಸುರಿದಳು. ಹೆಂಗಸರು ಬೆಚ್ಚಿ ನಿಂತರು.

"ನೀರು ಮೊದಲಿನಂಗ ಐತಿ ಯವ್ವಾ. ತಪ್ಪು ನಂದು."

ಚನ್ನವ್ವ ಒದ್ದೆ ನೆಲ ನೋಡಿದಳು, ಹಸಿರು ಪಂಪು ನೋಡಿದಳು. "ಮತ್ತ ಮುಂಜಾನಿಂದ ಹುಡುಗರು ಕುಡದಾವಲ್ಲ?" ಎಂದಳು.

ಒಂದು ದಿನದ ನೀರು ಎಲುಬಿಗಿಳಿಯದು ಎಂದಳು ಭುವನೇಶ್ವರಿ. ಖಂಡೆಪ್ಪ ಕೆಂಪು ಡಬ್ಬಿಯ ಮುಚ್ಚಳ ತೆಗೆದ. ಸೊಸೆ ಕೊಡ ಎತ್ತಿಕೊಂಡು ಬಾವಿಯ ದಾರಿ ಹಿಡಿದಳು.

ಆಮೇಲೆ ಭುವನೇಶ್ವರಿ ಆ ಪುಟವನ್ನು ಬಿಚ್ಚಿ ಮತ್ತೆ ಬರೆದಳು. ಅಂಕಿ ನೋಡಿ ತೀರ್ಪು ಕೊಡುವುದು ಒಂದು ಕಡೆ, ಬಣ್ಣ ಹಚ್ಚುವುದು ಇನ್ನೊಂದು ಕಡೆ. ಅಧ್ಯಕ್ಷರ ತಿಳಿನೀಲಿಯೂ ಉಳಿಯಿತು.

ಮುಂದೆ ಅವಳು ಆ ವಸ್ತಿಗೆ ಹೋದಾಗಲೆಲ್ಲ ಚನ್ನವ್ವ ತಂಬಿಗೆ ಕೊಡುತ್ತ, "ಬಾವೀದೈತಿ, ಕುಡಿ" ಎನ್ನುತ್ತಿದ್ದಳು.