ಲಿಪ್‌ಸ್ಟಿಕ್ ಸಫ್ದರ್

ಆ ಹೆಸರಿನಿಂದ ಕರೆದವರ ಹಲ್ಲು ಉದುರಿಸುತ್ತಾನೆ ಎಂದು ಬಣಕಲ್ಲಿನಲ್ಲಿ ಸಫ್ದರನ ಬಗ್ಗೆ ಹೇಳುವುದು ಸುಳ್ಳು. ಅವನು ಯಾರ ಹಲ್ಲಿಗೂ ಕೈ ಹಾಕಿದವನಲ್ಲ. ಆದರೆ ಹಾಗೆ ಕರೆದವರ ಗಾಡಿಯನ್ನು ಮತ್ತೆ ಮುಟ್ಟಿದವನೂ ಅಲ್ಲ. ಹೆದ್ದಾರಿಗೆ ಮುಖ ಮಾಡಿದ ಅವನ ಅಂಗಡಿಯಲ್ಲಿ ಜೀಪು, ಪಿಕಪ್ಪು, ಟೂರಿಸ್ಟ್ ಕಾರುಗಳ ವೈರಿಂಗ್ ಆಗುತ್ತದೆ, ಸ್ಟೀರಿಯೊ ಕೂರಿಸುವುದಾಗುತ್ತದೆ. ಐವತ್ತು ದಾಟಿದ ಮನುಷ್ಯ. ನರೆತ ಕೂದಲು ಅರ್ಧ ಬೆನ್ನಿಗೆ ಇಳಿದಿದೆ. ಸ್ಪೀಕರ್ ಕೂರಿಸಿದ ಮೇಲೆ ಅದು ಸರಿಯಾಗಿದೆಯೋ ಇಲ್ಲವೋ ನೋಡಲು ತನ್ನ ಮೆಚ್ಚಿನ ಹಳೆಯ ಇಂಗ್ಲಿಷ್ ರಾಕ್ ಹಾಡು ಹಾಕುತ್ತಾನೆ. ಜಗಳ ಶುರುವಾಗುವುದೇ ಅಲ್ಲಿಂದ.

ಹೋದ ವರ್ಷ ಬೆಂಗಳೂರಿನ ಹುಡುಗನೊಬ್ಬ ಹೊಸ ಕಾರು ತಂದು ನಿಲ್ಲಿಸಿದ್ದ. ಹಾಡು ಶುರುವಾದದ್ದೇ ತಡ, "ಅಂಕಲ್, ಈ ಕೋಳಿ ಕುಯ್ಯೋ ಸೌಂಡ್ ತೆಗೀರಿ" ಎಂದ. ಸಫ್ದರ್ ಸ್ಕ್ರೂಡ್ರೈವರ್ ತೆಗೆದುಕೊಂಡು, ಆಗಷ್ಟೇ ಕೂರಿಸಿದ್ದ ಸ್ಪೀಕರುಗಳನ್ನು ಒಂದೊಂದಾಗಿ ಬಿಚ್ಚಿ, ಡಬ್ಬಕ್ಕೆ ತುಂಬಿ ಹುಡುಗನ ಕೈಗೆ ಕೊಟ್ಟ. "ಎದುರುಗಡೆ ಅಂಗಡಿಗೆ ಹೋಗು. ಅಲ್ಲಿ ಕುಯ್ಯದೆ ಇರೋ ಕೋಳಿ ಸಿಗ್ತದೆ."

ಎದುರುಗಡೆ ಅಂಗಡಿ ಅನಿಲನದು. ಅನಿಲ್ ಕೆಲಸ ಕಲಿತದ್ದು ಸಫ್ದರನ ಹತ್ತಿರವೇ. ಕಲಿತ ಮೇಲೆ ರಸ್ತೆ ದಾಟಿ, ಗಾಜಿನ ಬಾಗಿಲಿನ ಅಂಗಡಿ ತೆರೆದ. ಅದನ್ನು ಸಫ್ದರ್ ಸಹಿಸಿಕೊಂಡಿದ್ದ. ಹೊಟ್ಟೆಪಾಡು ಎಲ್ಲರಿಗೂ ಇದೆ. ಸಹಿಸಲಾಗದ್ದು ಬೇರೆ. ಗಿರಾಕಿಗಳನ್ನು ನಗಿಸುವುದಕ್ಕೆ ಅನಿಲ್ ತನ್ನ ಗುರುವಿನ ಹಾಡನ್ನು ಅಣಕಿಸುತ್ತಿದ್ದ. ಪೊರಕೆಯನ್ನು ಗಿಟಾರಿನಂತೆ ಹಿಡಿದು, ಸೊಂಟ ಕುಣಿಸಿ, ಹೆಣ್ಣು ದನಿಯಲ್ಲಿ ಕಿರುಚಿ, ಕೊನೆಗೆ "ನಮ್ಮ ಲಿಪ್‌ಸ್ಟಿಕ್ ಸಫ್ದರಣ್ಣಂಗೆ ಜೈ" ಎನ್ನುತ್ತಿದ್ದ. ಹೆಸರು ಇಟ್ಟವನು ಅವನೇ.

ಸಫ್ದರನಿಗೆ ಈ ಹಾಡಿನ ಹುಚ್ಚು ಹತ್ತಿದ್ದು ಅಣ್ಣ ಖಲೀಲನಿಂದ. ಎಂಬತ್ತರ ದಶಕದ ಕೊನೆಯಲ್ಲಿ ಸೌದಿಯ ದಮ್ಮಾಮಿನಿಂದ ರಜೆಗೆ ಬಂದ ಖಲೀಲ್ ಒಂದು ಟೇಪ್ ರೆಕಾರ್ಡರನ್ನೂ, ಅಲ್ಲಿ ಯಾವುದೋ ಅಂಗಡಿಯಲ್ಲಿ ಕಣ್ಣು ಮುಚ್ಚಿ ಬಾಚಿಕೊಂಡ ಒಂದಷ್ಟು ಕ್ಯಾಸೆಟ್ಟುಗಳನ್ನೂ ತಂದಿದ್ದ. ಒಂದರ ಮೇಲೆ ಚಿತ್ರವಿತ್ತು: ತುಟಿಗೆ ಬಣ್ಣ, ಕಣ್ಣಿಗೆ ಕಾಡಿಗೆ, ಚಿರತೆ ಚುಕ್ಕೆಯ ಬಿಗಿ ಪ್ಯಾಂಟು, ಬಿರುಗಾಳಿಗೆ ಸಿಕ್ಕ ಹುಲ್ಲುಮೆದೆಯಂಥ ಕೂದಲು. ತಾಯಿ ರೌಶನ್ ಬೀ ನೋಡಿ ಹಣೆ ಚಚ್ಚಿಕೊಂಡಳು.

"ಯಾರೋ ಈ ಹೆಂಗಸರು? ಮನೆಯೊಳಗೆ ಇದನ್ನ ಇಡ್ತೀಯಾ?"

"ಹೆಂಗಸರಲ್ಲ ಅಮ್ಮಾ, ಗಂಡಸರು. ಗಡ್ಡ ನೋಡು."

ರೌಶನ್ ಬೀ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಹೆಂಗಸರಾಗಿದ್ರೇ ವಾಸಿ ಇತ್ತು" ಎಂದು ವಾಪಸು ಕೊಟ್ಟಳು.

ಖಲೀಲನಿಗೆ ಹಾಡು ಹಿಡಿಸಲಿಲ್ಲ. ಹದಿನಾರರ ಸಫ್ದರನಿಗೆ ಹಿಡಿಯಿತು. ಅದೇ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಲಾರಿ ಮಗುಚಿ ಅವನ ತಂದೆ ತೀರಿಕೊಂಡಿದ್ದರು. ಮನೆಗೆ ಬರುವವರೆಲ್ಲ ದನಿ ತಗ್ಗಿಸಿ ಮಾತಾಡುತ್ತಿದ್ದರು. ಓದು ಬಿಡಬೇಕು, ಜವಾಬ್ದಾರಿ ಹೊರಬೇಕು, ನಾಲ್ಕು ಜನ ಮೆಚ್ಚುವಂತೆ ಬಾಳಬೇಕು ಎಂದು ಹೇಳಿ ಹೋಗುತ್ತಿದ್ದರು. ಆ ಕ್ಯಾಸೆಟ್ಟಿನಲ್ಲಿ ಇದ್ದವರು ನಾಲ್ಕು ಜನರ ಮುಖವನ್ನೇ ನೋಡದವರಂತೆ ಹಾಡುತ್ತಿದ್ದರು. ಇಂಗ್ಲಿಷ್ ಅವನಿಗೆ ತಿಳಿಯುತ್ತಿರಲಿಲ್ಲ. ಗಿಟಾರು ಮೇಲೆ ಮೇಲೆ ಹತ್ತಿ, ಇನ್ನೇನು ಹರಿದೇ ಹೋಯಿತು ಎನ್ನುವಾಗ ಎಲ್ಲರೂ ಒಟ್ಟಿಗೆ ದನಿ ಎತ್ತಿ ಹಾಡುವ ಜಾಗ ಬರುತ್ತಿತ್ತು. ಆಗ ಎದೆಯ ಮೇಲಿನ ಕಲ್ಲನ್ನು ಯಾರೋ ಕಾಲಿನಿಂದ ಒದ್ದು ಉರುಳಿಸಿದಂತೆ ಆಗುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಅರ್ಥ ಗೊತ್ತಾಯಿತು: ಹುಡುಗಿಯರು, ಕಾರು, ಶನಿವಾರದ ಮೋಜು. ಅಷ್ಟೇ. ಅವನಿಗೆ ಬೇಸರವೇನೂ ಆಗಲಿಲ್ಲ. ಉಪದೇಶ ಮಾಡಲು ಬಂದವರು ಊರಲ್ಲೇ ಬೇಕಾದಷ್ಟು ಮಂದಿ ಇದ್ದರು.

ತೊಂಬತ್ತರ ದಶಕ ಬಂತು. ಆ ಸಂಗೀತವನ್ನು ಅದು ಹುಟ್ಟಿದ ದೇಶದವರೇ ಕೈಬಿಟ್ಟರು. ಮಂಗಳೂರಿನ ಕ್ಯಾಸೆಟ್ ಅಂಗಡಿಯವನು ಅವನ ಮುಖ ನೋಡಿ ನಕ್ಕು, "ಅದೆಲ್ಲ ಈಗ ಯಾರು ಕೇಳ್ತಾರೆ? ಅಮೆರಿಕದಲ್ಲೇ ಜೋಕಾಗಿದೆ" ಎಂದ. ಸಫ್ದರ್ ಅಂಗಡಿಯಲ್ಲಿ ಉಳಿದಿದ್ದ ಕ್ಯಾಸೆಟ್ಟುಗಳನ್ನು ಕೊಂಡು, ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಕೂದಲು ಬಿಡಲು ಶುರು ಮಾಡಿದ್ದು ಆಮೇಲೆಯೇ.

ಹೆಂಡತಿ ತಸ್ಲೀಮಾ ಕಳಸದ ಕಡೆಯವಳು. ಮದುವೆಯಾದ ಹೊಸತರಲ್ಲಿ ಒಂದು ಹಾಡು ಕೇಳಿದಳು. "ಇವರಿಗೆ ಎಲ್ಲಿ ನೋವಾಗಿದೆ?" ಎಂದು ಕೇಳಿದಳು. ಗಂಡ ಮೂರು ದಿನ ಮಾತು ಬಿಟ್ಟ. ಆಮೇಲೆ ಇಬ್ಬರ ನಡುವೆ ಹಾಡಿನ ವಿಷಯವೇ ಬರುತ್ತಿರಲಿಲ್ಲ. ಅವನು ಅಂಗಡಿಯಲ್ಲಿ ಕೇಳುತ್ತಿದ್ದ. ಅವಳು ಅಂಗಡಿಯ ಕಡೆ ಬರುತ್ತಿರಲಿಲ್ಲ.

ಹೀಗಿರುವಾಗ ಈ ಡಿಸೆಂಬರಿನಲ್ಲಿ, ಕಾಫಿ ಕೊಯ್ಲಿನ ಗಡಿಬಿಡಿಯ ನಡುವೆ, ಬಾಳೂರಿನ ಹತ್ತಿರದ ರೆಸಾರ್ಟೊಂದರ ಮ್ಯಾನೇಜರ್ ಶಶಿಕಿರಣ್ ಫೋನ್ ಮಾಡಿದ. ಆ ರೆಸಾರ್ಟಿನ ಜೀಪುಗಳ ವೈರಿಂಗ್ ಕೆಲಸವೆಲ್ಲ ಸಫ್ದರನದೇ.

"ಶನಿವಾರ ಸಂಜೆ ಪ್ರೋಗ್ರಾಮ್ ಇದೆ ಸಫ್ದರಣ್ಣ. ಎಂಬತ್ತರ ದಶಕದ ಮೆಟಲ್ ರಾಕ್ ಅಂತೆ, ಬೆಂಗಳೂರಿಂದ ಬ್ಯಾಂಡ್ ಬರ್ತದೆ. ನಿಮ್ಮ ಜಾತಿ ಹಾಡು! ಬನ್ನಿ, ಮುಂದಿನ ಸಾಲಲ್ಲಿ ಕೂರಿಸ್ತೀನಿ."

ಫೋನಿಟ್ಟ ಮೇಲೆ ಸಫ್ದರನಿಗೆ ಕೆಲಸದಲ್ಲಿ ಕೈ ಓಡಲಿಲ್ಲ. ಮೂವತ್ತೈದು ವರ್ಷ ಕೇಳಿದ ಹಾಡನ್ನು ಎದುರಿಗೆ ನಿಂತು ಹಾಡುವವರನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಶನಿವಾರ ಮಧ್ಯಾಹ್ನವೇ ಅಂಗಡಿ ಮುಚ್ಚಿದ. ತಲೆಗೆ ಸ್ನಾನ ಮಾಡಿ, ಕೂದಲು ಬಿಚ್ಚಿ ಒಣಗಿಸಿದ. ಖಲೀಲ್ ಯಾವಾಗಲೋ ಕಳಿಸಿದ್ದ, ತೋಳಿಗೆ ಕುಚ್ಚು ಇಳಿಬಿಟ್ಟ ಕಪ್ಪು ಜಾಕೀಟನ್ನು ಟ್ರಂಕಿನಿಂದ ತೆಗೆದ. ಅದರ ಗುಂಡಿ ಹಾಕಲಾಗಲಿಲ್ಲ. ಕನ್ನಡಿಯ ಮುಂದೆ ನಿಂತು, ತಸ್ಲೀಮಾ ನೋಡುತ್ತಿದ್ದರೂ ಲೆಕ್ಕಿಸದೆ, ಕಣ್ಣಿಗೆ ಸುರ್ಮಾ ಹಚ್ಚಿಕೊಂಡ.

"ಮೊಮ್ಮಕ್ಕಳನ್ನ ನೋಡೋ ವಯಸ್ಸು" ಎಂದಳು ತಸ್ಲೀಮಾ.

"ನೋಡ್ತೀನಿ. ಭಾನುವಾರ ನೋಡ್ತೀನಿ."

ರೆಸಾರ್ಟಿಗೆ ಜೀಪು ಓಡಿಸಿದವನು ಲಿಂಗಪ್ಪ. ಅವನು ಬಾಳೂರಿನವನು, ಬಾಡಿಗೆ ಜೀಪಿನವನು, ಯಕ್ಷಗಾನದ ಹುಚ್ಚ. ಸಫ್ದರನ ಹಾಡು ಕೇಳಿ ನಗದ ಒಬ್ಬನೇ ಮನುಷ್ಯ. ದೊಡ್ಡ ಕಿರೀಟ, ಮುಖಕ್ಕೆ ಬಣ್ಣ, ಗಂಟಲು ಹರಿಯುವ ಆರ್ಭಟ, ಹೆಣ್ಣುವೇಷ ಎಲ್ಲ ಕಂಡವನಿಗೆ ಆ ಕ್ಯಾಸೆಟ್ಟಿನ ಚಿತ್ರದಲ್ಲಿ ನಗುವಂಥದ್ದು ಏನೂ ಕಂಡಿರಲಿಲ್ಲ. "ಅವರದ್ದೂ ಒಂದು ಮೇಳ, ಮಾರಾಯ" ಎನ್ನುತ್ತಿದ್ದ.

ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿದ್ದರು. ಬೆಂಗಳೂರಿನ ಟೂರಿಸ್ಟರು ಗ್ಲಾಸು ಹಿಡಿದು ಕೂತಿದ್ದರು. ದೀಪ ಬೆಳಗಿತು, ನಾಲ್ವರು ಹುಡುಗರು ಬಂದರು. ಚಿರತೆ ಚುಕ್ಕೆಯ ಪ್ಯಾಂಟು, ತುಟಿಗೆ ಬಣ್ಣ, ಹೆಗಲಿಗಿಳಿದ ಕೂದಲು. ಗಿಟಾರಿನವನು ಮೊದಲ ಪೆಟ್ಟು ಹೊಡೆದಾಗ ಸಫ್ದರನ ಕಣ್ಣಲ್ಲಿ ನೀರೇ ಬಂತು. ಹುಡುಗ ಚೆನ್ನಾಗಿ ನುಡಿಸುತ್ತಿದ್ದ.

ಹಾಡು ಏರಬೇಕಾದ ಜಾಗಕ್ಕೆ ಬಂದಾಗ ಹಾಡುಗಾರನ ಟೋಪನ್ ಕೆಳಗೆ ಬಿತ್ತು. ಆಕಸ್ಮಿಕ ಎಂದುಕೊಂಡ ಸಫ್ದರ್. ಪಾಪ ಎಂದೂ ಅಂದುಕೊಂಡ. ಹಾಡುಗಾರ ಹಾಡು ನಿಲ್ಲಿಸಿ, ಬೋಳುತಲೆ ಸವರಿಕೊಂಡು, "ಅಯ್ಯೋ ನನ್ನ ಸೌಂದರ್ಯ!" ಎಂದು ಹೆಣ್ಣು ದನಿಯಲ್ಲಿ ಅತ್ತ. ಕುರ್ಚಿಗಳೆಲ್ಲ ನಕ್ಕವು. ಎರಡನೆಯ ಹಾಡಿನಲ್ಲಿ ಪ್ಯಾಂಟಿನೊಳಗಿನಿಂದ ಸೌತೆಕಾಯಿ ತೆಗೆದು ಕಚ್ಚಿದ. ಮೂರನೆಯದರಲ್ಲಿ ಡ್ರಮ್ಮಿನವನು ತುಟಿಯ ಬಣ್ಣವನ್ನು ಮುಖಕ್ಕೆಲ್ಲ ಬಳಿದುಕೊಂಡು ನಾಲಿಗೆ ಚಾಚಿದ. ಹಾಡು ಪ್ರತಿಸಲವೂ ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಎಲ್ಲರೂ ಒಟ್ಟಿಗೆ ದನಿ ಎತ್ತುವ ಜಾಗ. ಅಲ್ಲಿಗೆ ಒಂದು ಜೋಕು.

ಸಫ್ದರನಿಗೆ ಅರ್ಥವಾಗಲು ಇಷ್ಟು ಹೊತ್ತು ಬೇಕಾಯಿತು. ತಿರುಗಿ ನೋಡಿದ. ಹಿಂದಿನ ಸಾಲಿನಲ್ಲಿ ಅನಿಲ್ ಮೊಬೈಲ್ ಎತ್ತಿ ಹಿಡಿದಿದ್ದ. ಅದು ವೇದಿಕೆಯ ಕಡೆಗಿರಲಿಲ್ಲ, ಸಫ್ದರನ ಕಡೆಗಿತ್ತು.

ಅಷ್ಟರಲ್ಲಿ ಹಾಡುಗಾರನ ಕಣ್ಣೂ ಅವನ ಮೇಲೆ ಬಿತ್ತು. "ಓಹೋ! ಇಲ್ಲೊಬ್ಬರು ಒರಿಜಿನಲ್ ಇದ್ದಾರೆ!" ಎಂದು ಕೆಳಗಿಳಿದು ಬಂದು ಕೈಹಿಡಿದು ಮೇಲಕ್ಕೆ ಎಳೆದ. ಶಶಿಕಿರಣ್ ಮುಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದ. "ಅಂಕಲ್, ನಿಮ್ಮದೂ ಟೋಪನ್ನಾ?" ಎಂದು ಹಾಡುಗಾರ ಸಫ್ದರನ ಕೂದಲು ಹಿಡಿದು ಜಗ್ಗಿದ.

ಸಫ್ದರ್ ಮೈಕು ಕಿತ್ತುಕೊಂಡ. "ಒಂದು ಹಾಡು. ಒಂದೇ ಒಂದು ಹಾಡು ಪೂರ್ತಿ ಹಾಡು."

"ಯಾಕೆ ಅಂಕಲ್?"

"ನಿಂಗೆ ಬರ್ತದೆ. ನೀನು ಚೆನ್ನಾಗಿ ಹಾಡ್ತೀಯ. ನಂಗೆ ಕೇಳ್ತು. ಪೂರ್ತಿ ಹಾಡು."

ಒಂದು ಗಳಿಗೆ ಹುಡುಗನ ಮುಖ ಬದಲಾದಂತೆ ಸಫ್ದರನಿಗೆ ಕಂಡಿತು. ಆಮೇಲೆ ಅವನು ಜನರ ಕಡೆ ತಿರುಗಿ ಕಣ್ಣು ಹೊಡೆದ. "ಇದನ್ನ ಪೂರ್ತಿ ಯಾರು ಕೇಳ್ತಾರೆ ಅಂಕಲ್, ನಿಮ್ಮನ್ನ ಬಿಟ್ಟು?"

ಸಫ್ದರ್ ಅವನನ್ನು ನೂಕಿದ. ಎರಡೂ ಕೈಯಿಂದ, ಎದೆಗೆ. ಹುಡುಗ ಡ್ರಮ್ಮಿನ ಮೇಲೆ ಮಗುಚಿ ಬಿದ್ದ. ಜನ ಅದೂ ಆಟದ ಭಾಗವೆಂದು ಇನ್ನೂ ಜೋರಾಗಿ ನಕ್ಕರು. ಸೆಕ್ಯುರಿಟಿಯವರು ಬಂದು ಸಫ್ದರನ ತೋಳು ತಿರುಚಿ ಎಳೆದೊಯ್ಯುವಾಗ ಜಾಕೀಟಿನ ಒಂದು ತೋಳು ಹರಿಯಿತು. ಅಡ್ಡ ಬಂದ ಲಿಂಗಪ್ಪ ಒಬ್ಬನ ಮೊಣಕಾಲಿಗೆ ಒದ್ದ. ಇಬ್ಬರನ್ನೂ ಗೇಟಿನಾಚೆ ಮಣ್ಣಿಗೆ ನೂಕಿದರು.

ಸೋಮವಾರದ ಹೊತ್ತಿಗೆ ವೀಡಿಯೊ ಮೂಡಿಗೆರೆಯಿಂದ ಹೊರನಾಡಿನವರೆಗೆ ಎಲ್ಲರ ಫೋನಿನಲ್ಲಿತ್ತು. ಅನಿಲ್ ಅದಕ್ಕೆ ಹೆಸರನ್ನೂ ಕೊಟ್ಟಿದ್ದ. ಬಸ್ಸಿನ ಕಿಟಕಿಯಿಂದಲೇ ಜನ "ಲಿಪ್‌ಸ್ಟಿಕ್!" ಎಂದು ಕೂಗಿ ಹೋಗುತ್ತಿದ್ದರು. ರೆಸಾರ್ಟಿನಿಂದ ಸುದ್ದಿ ಬಂತು: ಹುಡುಗನ ಕೈ ಉಳುಕಿದೆ, ಬಂದು ಎಲ್ಲರ ಮುಂದೆ ಕ್ಷಮೆ ಕೇಳಬೇಕು, ಇಲ್ಲವಾದರೆ ಪೊಲೀಸ್ ಕಂಪ್ಲೇಂಟ್.

ಮಧ್ಯಸ್ಥಿಕೆಗೆ ಬಂದವರು ಕೃಷ್ಣಪ್ಪನವರು. ಕಾಫಿ ವ್ಯಾಪಾರಿ, ಊರಿನಲ್ಲಿ ಅವರ ಮಾತಿಗೆ ಬೆಲೆಯಿದೆ. ತಮ್ಮ ಗೋದಾಮಿನಲ್ಲಿ, ಕಾಫಿ ಮೂಟೆಗಳ ನಡುವೆ, ಶಶಿಕಿರಣನನ್ನು ಒಂದು ಕಡೆ, ಸಫ್ದರನನ್ನೂ ಲಿಂಗಪ್ಪನನ್ನೂ ಇನ್ನೊಂದು ಕಡೆ ಕೂರಿಸಿದರು.

"ಒಂದು ಮಾತು ತಪ್ಪಾಯ್ತು ಅಂದುಬಿಡು ಮಾರಾಯ. ಏನು ಸವೆದು ಹೋಗ್ತದೆ?" ಎಂದರು ಕೃಷ್ಣಪ್ಪ.

"ನೂಕಿದ್ದು ತಪ್ಪು. ಅದಕ್ಕೆ ಇಲ್ಲೇ ಕ್ಷಮೆ ಕೇಳ್ತೀನಿ. ಹಾಡು ನಿಲ್ಲಿಸಬೇಡ ಅಂದಿದ್ದಕ್ಕೆ ಕೇಳಲ್ಲ."

"ಬರೀ ತಮಾಷೆ ಪ್ರೋಗ್ರಾಮ್ ಸಾರ್ ಅದು" ಎಂದ ಶಶಿಕಿರಣ್ ಕೃಷ್ಣಪ್ಪನವರಿಗೆ. "ಎಲ್ರೂ ನಗ್ತಾ ಇದ್ರು. ಇವರೊಬ್ಬರಿಗೆ ಏನಾಗ್ಬೇಕಿತ್ತು?"

ಲಿಂಗಪ್ಪ ಬಾಯಿ ಹಾಕಿದ. "ಅಲ್ಲ ಮ್ಯಾನೇಜರೇ, ರಂಗಸ್ಥಳಕ್ಕೆ ಬಂದ ಬಣ್ಣದ ವೇಷದವನು ಪದ ಅರ್ಧಕ್ಕೆ ಬಿಟ್ಟು, ಕಿರೀಟ ಒದ್ದು, ಸೌತೆಕಾಯಿ ತಿಂದರೆ ನಮ್ಮೂರಲ್ಲಿ ಸುಮ್ನೆ ಬಿಡ್ತಿದ್ರಾ? ಕೃಷ್ಣಪ್ಪ ಗೌಡ್ರೆ, ನೀವೇ ಹೇಳಿ. ನೀವೇ ಮೊದಲು ಎದ್ದು ಹೊಡೀತಿದ್ರಿ."

ಅದು ನಿಜವಾಗಿತ್ತು.

"ಯಕ್ಷಗಾನ ದೇವರ ಕತೆ" ಎಂದ ಶಶಿಕಿರಣ್. "ಇದೇನು? ಕುಡುಕರ ಕಿರುಚಾಟ."

ಸಫ್ದರ್ ಎದ್ದು ನಿಂತ. "ಇರಬಹುದು. ನಮ್ಮಪ್ಪ ಸತ್ತಾಗ ಊರೆಲ್ಲ ಬಂದು ನಂಗೆ ಬುದ್ಧಿ ಹೇಳಿ ಹೋಯ್ತು. ಈ ಕುಡುಕರು ಬುದ್ಧಿ ಹೇಳಲಿಲ್ಲ. ಕಂಪ್ಲೇಂಟ್ ಕೊಡಿ." ಅಷ್ಟು ಹೇಳಿ ಹೊರಟುಹೋದ.

ಕಂಪ್ಲೇಂಟ್ ಆಯಿತು. ಒಂದಿಡೀ ಮಧ್ಯಾಹ್ನ ಸಫ್ದರ್ ಠಾಣೆಯ ಬೆಂಚಿನ ಮೇಲೆ ಕೂತ. ಅಲ್ಲಿನ ಪೇದೆಯೊಬ್ಬ ಕೂದಲು ನೋಡಿ ನಕ್ಕ. ಇವನು ಗೋಡೆ ನೋಡಿದ. ಎಚ್ಚರಿಕೆ ಕೊಟ್ಟು ಕಳಿಸಿದರು. ರೆಸಾರ್ಟಿನ ಜೀಪುಗಳು ಅನಿಲನ ಅಂಗಡಿಯ ಮುಂದೆ ಸಾಲುಗಟ್ಟಿದವು. ಮನೆಗೆ ಬಂದಾಗ ತಸ್ಲೀಮಾ ಹರಿದ ತೋಳನ್ನು ಜಾಕೀಟಿಗೆ ಹೊಲಿಯುತ್ತಿದ್ದಳು.

"ಕ್ಷಮೆ ಕೇಳಿದ್ರಾ?"

"ಇಲ್ಲ."

"ಕೇಳಿದ್ದಿದ್ರೆ ಇದನ್ನ ಒಲೆಗೆ ಹಾಕ್ತಿದ್ದೆ" ಎಂದು ಹಲ್ಲಿನಿಂದ ದಾರ ಕಡಿದಳು. "ನಿಮ್ಮ ಹಾಡು ಇವತ್ತಿಗೂ ನಂಗೆ ಸೇರಲ್ಲ. ಅದು ಬೇರೆ ಮಾತು. ನಿಮ್ಮ ತಲೆಗೂದಲು ಹಿಡಿದು ಜಗ್ಗೋಕೆ ಅವನ್ಯಾರು?"

ಮರುದಿನದಿಂದ ಸಫ್ದರ್ ತನ್ನಲ್ಲಿದ್ದ ದೊಡ್ಡ ಸ್ಪೀಕರು ಎರಡನ್ನು ಅಂಗಡಿಯ ಹೊರಗಿಟ್ಟು, ಬಾಯಿಯನ್ನು ನೇರ ಅನಿಲನ ಗಾಜಿನ ಬಾಗಿಲಿಗೆ ತಿರುಗಿಸಿದ. ಗಾಜು ಅದುರುವಷ್ಟು ಜೋರು. ಅನಿಲ್ ರಸ್ತೆ ದಾಟಿ ಬಂದು ಬೈದ, ಪಂಚಾಯಿತಿಗೆ ಅರ್ಜಿ ಕೊಟ್ಟ, ತನ್ನ ಕಡೆಯಿಂದಲೂ ಸ್ಪೀಕರು ಇಟ್ಟು ಸಿನಿಮಾ ಹಾಡು ಹಾಕಿದ. ನಡುವೆ ಬಸ್ಸಿಗೆ ಕಾಯುತ್ತಿದ್ದವರು ಕಿವಿ ಮುಚ್ಚಿಕೊಂಡು ಇಬ್ಬರಿಗೂ ಶಾಪ ಹಾಕಿದರು.

ಒಂದು ದಿನ ಮಧ್ಯಾಹ್ನ ತಸ್ಲೀಮಾ ತಾನೇ ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದಳು. ಸಫ್ದರ್ ಗಾಬರಿಯಾಗಿ ಹಾಡು ನಿಲ್ಲಿಸಲು ಕೈ ಚಾಚಿದ. ರಸ್ತೆಯಾಚೆ ಅನಿಲ್ ಬಾಗಿಲಲ್ಲಿ ಕೈಕಟ್ಟಿ ನಿಂತು ನಗುತ್ತಿದ್ದುದು ಅವಳ ಕಣ್ಣಿಗೆ ಬಿತ್ತು.

"ಇರ್ಲಿ ಬಿಡಿ" ಎಂದಳು. ಸ್ಟೂಲನ್ನು ಎಳೆದು, ಹೊರಗೆ, ಎರಡು ಸ್ಪೀಕರುಗಳ ನಡುವೆ ಹಾಕಿಕೊಂಡು ಕೂತಳು. ಸೆರಗು ಸರಿಮಾಡಿಕೊಂಡು, ಹಲ್ಲು ಕಚ್ಚಿ, ಅನಿಲನ ಮುಖದ ಮೇಲಿಂದ ಕಣ್ಣು ಕೀಳದೆ ಹಾಡು ಪೂರ್ತಿ ಕೇಳಿದಳು. ಮುಗಿದಾಗ ಗಂಡನ ಕಡೆ ತಿರುಗದೆಯೇ ಕೇಳಿದಳು.

"ಇನ್ನೊಂದು ಉಂಟಾ?"

"ಬೇಕಾದಷ್ಟು ಉಂಟು."

"ಹಾಕಿ. ಅವನು ಒಳಗೆ ಹೋಗೋ ತನಕ ಹಾಕ್ತಾ ಇರಿ."