ಹಿತ್ತಲ ಕೋಣೆಯ ಹಲಗೆ

ಬೆಳಿಗ್ಗೆ ದೊಡ್ಡಮನೆಯ ಅಂಗಳ ಗುಡಿಸಿದೆ. ಪಡಸಾಲೆಯ ಕಂಬಗಳಿಗೆ ಎಣ್ಣೆ ಬಟ್ಟೆ ಆಡಿಸಿದೆ. ಅಟ್ಟದಲ್ಲಿ ಪಾರಿವಾಳದ ಹಿಕ್ಕೆ ಕೆರೆದೆ. ಮನೆಗೆ ಹೋಗಿ ಅತ್ತೆಗೆ ನೀರು ಕಾಯಿಸಿ ಬರುವಷ್ಟರಲ್ಲಿ ಪೇಂಟರ್ ಬಂದಿದ್ದ.

ಶ್ರೀರಾಂಪುರದ ದಾರಿಯಲ್ಲಿ, ತೆಂಗಿನ ತೋಟದ ನಡುವೆ ಇರುವ ಗೌಡರ ಮನೆ ಇದು. ಈಗ ಯಾರೂ ವಾಸವಿಲ್ಲ. ಗೌಡರ ಮೊಮ್ಮಗ ಹೆಂಚು ಬದಲಿಸಿ, ಸುಣ್ಣ ಹೊಡೆಸಿ, ನೋಡಲು ಬರುವವರಿಗೆಂದು ಕಾಪಾಡಿದ್ದಾನೆ. ಗುಡಿಸಿ, ತೋರಿಸುವ ಕೆಲಸ ನನ್ನದು. ಅವತ್ತು ಕೋಣೆಗೊಂದು ಹಲಗೆ ಬರೆಸುತ್ತಿದ್ದ: ದೇವರ ಮನೆ, ಬಾಣಂತಿ ಕೋಣೆ, ಕಣಜ. ಹಿತ್ತಲಿನ ಉದ್ದನೆಯ ತಗ್ಗು ಕೋಣೆಗೆ 'ಕೊಟ್ಟಿಗೆ'.

ಮೊಳೆ ಹೊಡೆಯುವ ಸದ್ದಿಗೆ ಅತ್ತೆ ಕೋಲೂರಿಕೊಂಡು ಬಂದರು. ಅವರಿಗೆ ಓದು ಬಾರದು.

"ಏನ್ ಬರದೈತೆ ಓದವ್ವ."

ಓದಿದೆ. ಬೇರೇನಾದರೂ ಹೇಳಬಹುದಿತ್ತು, ಹೊಳೆಯಲಿಲ್ಲ. ಅತ್ತೆ ಹುಟ್ಟಿದ್ದೇ ಆ ಕೋಣೆಯಲ್ಲಿ. ತೋಟದ ಆಳುಗಳ ಐದು ಸಂಸಾರ ಅಲ್ಲಿತ್ತು, ನಡುವೆ ಗೋಣಿಚೀಲದ ಪರದೆ.

"ಏನಪ್ಪ, ನಾನೇನು ಕರಾನ?" ಎಂದು ಗೌಡರ ಮೊಮ್ಮಗನನ್ನು ಕೇಳಿದರು.

"ಹಂಗಲ್ಲ ಅಜ್ಜಿ. ಬಂದೋರಿಗೆ ಚೆಂದ ಕಾಣ್ಲಿ ಅಂತ."

"ನಿಮ್ಮ ದನ ಆ ಕಡೆ ಹೆಂಚಿನ ಮನೇಲಿದ್ವು. ನಮ್ದು ಗರಿ ಸೂರು. ಸೋರಿದ್ರೆ ನಾವೂ ಅಲ್ಲಿಗೇ ಹೋಗ್ತಿದ್ವಿ, ದನ ಒಂದು ಮಾತೂ ಅಂತಿರ್ಲಿಲ್ಲ."

ಹೊಸ್ತಿಲಿಗೆ ಅಡ್ಡ ಕುಳಿತು, ಎಲೆಅಡಿಕೆ ಚೀಲ ಬಿಚ್ಚಿದರು. "ಇದನ್ನ ಅಳಿಸೋವರ್ಗೂ ಏಳಲ್ಲ ನಾನು."

ಮೊಮ್ಮಗ ಪೇಂಟರನ ಮುಖ ನೋಡಿದ. ಪೇಂಟರ್ ಬ್ರಷ್ ನೋಡಿಕೊಂಡ. ಅಷ್ಟರಲ್ಲಿ ಚಿತ್ರದುರ್ಗದಿಂದ ವ್ಯಾನಿನಲ್ಲಿ ಹತ್ತು ಹನ್ನೆರಡು ಜನ ಬಂದಿಳಿದು ಅತ್ತೆಯ ಫೋಟೋ ತೆಗೆಯತೊಡಗಿದರು.

"ಅಜ್ಜಿನೂ ಟಿಕೆಟ್‌ನಾಗೆ ಸೇರೈತಾ?" ಎಂದಳು ಒಬ್ಬಾಕೆ.

"ಹೂಂ ಕಣವ್ವ, ಇಲ್ಲಿನ ಹಳೇ ಸಾಮಾನು ನಾನು. ಕುಂತ್ಕಳ್ರಿ, ಹೇಳ್ತೀನಿ."

ಕುಳಿತರು. ಯಾವ ಒಲೆ ಯಾರದು, ಯಾರು ಯಾರ ಜೊತೆ ಮಾತು ಬಿಟ್ಟಿದ್ದರು, ಅತ್ತೆಯ ಅವ್ವ ಕಾಯಿ ಸುಲಿಯುತ್ತಿದ್ದಾಗಲೇ ಹೆರಿಗೆ ನೋವು ಬಂದದ್ದು, ಎಲ್ಲ ಆಯಿತು. ದೇವರ ಮನೆಯತ್ತ ಒಬ್ಬರೂ ಹೋಗಲಿಲ್ಲ. ಹಿಂದೆ ನಿಂತು ಕೇಳುತ್ತಿದ್ದ ಮೊಮ್ಮಗ ಕೊನೆಗೆ, "ಅಳಿಸಿ ಬರಿಯಪ್ಪ, ತೋಟದ ಆಳುಗಳ ಮನೆ ಅಂತ," ಎಂದ.

ಬರೆದದ್ದನ್ನು ನಾನು ಓದಹೋದೆ.

"ನೀನು ಸುಮ್ಕಿರು. ಇವರ ಸಂಬಳ ತಿನ್ನೋಳು," ಎಂದು ಅತ್ತೆ ವ್ಯಾನಿನವರಲ್ಲಿ ಮೂವರನ್ನು ಒಬ್ಬೊಬ್ಬರಾಗಿ ಕರೆದು ಓದಿಸಿದರು. ಮೂರೂ ಒಂದೇ ಆದ ಮೇಲೆ ಏಳಹೊರಟರು, ಕಾಲು ಜೋಮು ಹಿಡಿದಿತ್ತು. ಮೊಮ್ಮಗನೇ ಕೈ ಹಿಡಿದು ಎಬ್ಬಿಸಿದ.

ರಾತ್ರಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಅತ್ತೆ ಅರ್ಧ ಮುದ್ದೆ ಹೆಚ್ಚಿಗೆ ಹಾಕಿಸಿಕೊಂಡರು. ಮೊದಲು ನಿದ್ದೆ ಹೋದವರೂ ಅವರೇ.